ಬಸುಗೊಂದು ಪತ್ರ: ಐನೂರೇ ಕಾರು ಯಾಕೆ?

ಪ್ರೀತಿಯ ಬಸು,

ಟೊಯೊಟಾದ ಐಷಾರಾಮಿ ಬ್ರ್ಯಾಂಡ್ ಲೆಕ್ಸಸ್ ಮಾಡಿದ ಎಲ್‌ಎಫ್‌ಎ ಕಾರಿನ ಬಗ್ಗೆ ಹೋದ ವಾರ ಫೋನಿನಲ್ಲಿ ನೀನು ಕೇಳಿದ ಮಾತು ಇನ್ನೂ ತಲೆಯಲ್ಲಿದೆ. "ದಿನಾ ಸಾವಿರಗಟ್ಟಲೆ ಕಾರು ಮಾಡೋ ಕಂಪನಿ ಒಂದು ಸ್ಪೋರ್ಟ್ಸ್ ಕಾರನ್ನ ಬರೀ ಐನೂರು ಮಾಡಿ ನಿಲ್ಲಿಸ್ತದ ಅಂದ್ರ, ಅದು ರೇಟು ಏರಿಸೋ ಆಟ ಅಲ್ದ ಮತ್ತೇನು?" ಅಂದೆ. ಅಷ್ಟರಲ್ಲಿ ನಿನ್ನ ಬಸ್ಸು ಬಂತು. ಉತ್ತರ ಬಾಕಿ ಉಳಿಯಿತು.

ಕೆಲವು ಕಡೆ ಆ ಆಟ ನಡೆಯುತ್ತದೆ, ಇಲ್ಲ ಅನ್ನಲ್ಲ. ಕೆಲವು ಕಡೆ ರೇಸಿನ ನಿಯಮವೇ ಲೆಕ್ಕ ಹಾಕಿಕೊಟ್ಟಿರುತ್ತದೆ. 1980ರ ದಶಕದಲ್ಲಿ ಗ್ರೂಪ್ ಬಿ ಎಂಬ ವಿಭಾಗದ ರೇಸಿಗೆ ಇಳಿಯಬೇಕಾದರೆ 200 ಕಾರು ಮಾಡಿ ತೋರಿಸಬೇಕಿತ್ತು. ಫೆರಾರಿ 288 ಜಿಟಿಒ ಹುಟ್ಟಿದ್ದು ಹಾಗೆ. ಒಟ್ಟು 272 ಮಾಡಿದರು, ಮುಗಿಯಿತು. ಆದರೆ ನೀನು ಕೇಳಿದ್ದು ಎಲ್‌ಎಫ್‌ಎ ಬಗ್ಗೆ. ಅದರ ಕಥೆ ಬೇರೆ.

ಅದಕ್ಕೂ ಮೊದಲು ಅವರದೇ ಹಳೆಯ ಕಾರೊಂದರ ವಿಷಯ ಹೇಳಬೇಕು. ಟೊಯೊಟಾ 2000ಜಿಟಿ. 1967ರಿಂದ 1970ರವರೆಗೆ, ಮಾದರಿ ಕಾರುಗಳೂ ಸೇರಿ 351 ಆದವು, ಅಷ್ಟೇ. ಯಮಹಾದವರು ಜೊತೆಗೆ ನಿಂತು, ಕೈಯಿಂದಲೇ ಕಟ್ಟಿಕೊಟ್ಟರು. ಯಮಹಾ ಅಂದರೆ ಪಿಯಾನೊ ಮಾಡುವವರೂ ಹೌದಲ್ವಾ? ಆ ಕಾರಿನ ಡ್ಯಾಶ್‌ಬೋರ್ಡಿನ ಮರ, ಸ್ಟೀರಿಂಗಿನ ಮರ ಬಂದದ್ದು ವಾದ್ಯ ಮಾಡುವ ಕೈಗಳಿಂದ. ಬೆಲೆ 23.8 ಲಕ್ಷ ಯೆನ್. ಆಗಷ್ಟೇ ಬಂದಿದ್ದ ಕೊರೊಲ್ಲಾಗಳನ್ನು ಆ ದುಡ್ಡಿಗೆ ಐದು ಕೊಳ್ಳಬಹುದಿತ್ತು. ಕೊಳ್ಳುವವರು ಎಷ್ಟು ಜನ ಇದ್ದಾರು ಹೇಳು. ಈಚೆಗೆ ಹರಾಜಿನಲ್ಲಿ ಅದರ ಬೆಲೆ ಹತ್ತು ಲಕ್ಷ ಡಾಲರ್ ದಾಟಿದ್ದೂ ಉಂಟು. ಆಗ ಯಾರೂ ಅದನ್ನು ಬೇಕಂತ ಅಪರೂಪ ಮಾಡಿರಲಿಲ್ಲ.

ಇನ್ನು ಎಲ್‌ಎಫ್‌ಎ. ಇದರ ಮುಖ್ಯ ಎಂಜಿನಿಯರ್ ಹರುಹಿಕೊ ತನಾಹಶಿ. 2000ದ ಹೊತ್ತಿಗೆ ಕೆಲಸ ಶುರುವಾಗಿ, ಅಲ್ಯೂಮಿನಿಯಂ ಬಾಡಿಯಲ್ಲೇ ಕಾರು ಒಂದು ಹಂತಕ್ಕೆ ಬಂದಿತ್ತು. ಅದನ್ನು ಬಿಟ್ಟು ಕಾರ್ಬನ್ ಫೈಬರಿಗೆ ಹೋಗೋಣ ಅಂದರು. ಸುಮಾರು 100 ಕೆಜಿ ಇಳಿಯುತ್ತದೆ ಅಂತ. ನೂರು ಕೆಜಿಗೋಸ್ಕರ ವರ್ಷಗಟ್ಟಲೆ ಮಾಡಿದ್ದನ್ನು ಪಕ್ಕಕ್ಕಿಟ್ಟು ಮತ್ತೆ ಮೊದಲಿಂದ ಶುರು ಮಾಡಿದವರ ಮೇಲೆ ನನಗೆ ಬಹಳ ಗೌರವ. ಹೊರಗೆ ಕೊಳ್ಳುವ ಬದಲು ಆ ಕಾರ್ಬನ್ ಕೆಲಸವನ್ನು ತಾವೇ ಕಲಿತರು.

ನಿನಗೆ ಹೇಳಲೇಬೇಕಾದದ್ದು ಇಲ್ಲಿದೆ. ಮುಂದಿನ ಗಾಜಿನ ಪಕ್ಕದಿಂದ ಚಾವಣಿಯ ಅಂಚಿಗೆ ಹೋಗುವ ಕಂಬ ಇದೆಯಲ್ಲ, ಅದನ್ನು ಅವರು ನೇಯ್ದರು ಬಸು. ನಿಜವಾಗಿಯೂ ಮಗ್ಗದ ಮೇಲೆ. ದುಂಡನೆಯ ಮಗ್ಗ. ಸುತ್ತಲೂ ಸಾಲು ಸಾಲು ಕಂಡಿಕೆ, ಪ್ರತಿಯೊಂದರಿಂದ ಕಪ್ಪು ಕಾರ್ಬನ್ ಎಳೆ. ನಡುವಿನ ಅಚ್ಚಿನ ಮೇಲೆ ಎಳೆಗಳು ಒಂದರ ಮೇಲೊಂದು ಹಾಯುತ್ತಾ ಪದರದ ಮೇಲೆ ಪದರ ಹೆಣೆಯುತ್ತವೆ. ಆಮೇಲೆ ರೆಸಿನ್ ಎಂಬ ಅಂಟು ತುಂಬಿ ಗಟ್ಟಿ ಮಾಡುತ್ತಾರೆ. ಆ ಮಗ್ಗದ ವಿಡಿಯೊ ನೋಡಿದಾಗ ನನಗೆ ನಿಮ್ಮ ಇಳಕಲ್ಲಿನ ಮನೆಯ ಕುಣಿಮಗ್ಗವೇ ಕಣ್ಣ ಮುಂದೆ ಬಂತು. ಟೊಯೊಟಾ ಕಟ್ಟಿದ ಟೊಯೊಡಾ ಮನೆತನವೂ ಮೂಲದಲ್ಲಿ ಮಗ್ಗದವರದೇ. ಎಳೆ ಹರಿದರೆ ತಾನೇ ನಿಲ್ಲುವ ಮಗ್ಗ ಮಾಡಿದವರು ಸಾಕಿಚಿ ಟೊಯೊಡಾ. ಕಾರಿನ ವಿಭಾಗ ಶುರುವಾದದ್ದು ಆಮೇಲೆ, 1933ರಲ್ಲಿ, ಅವರ ಮಗ ಕೀಚಿರೊ ಕೈಯಲ್ಲಿ.

ಎಂಜಿನ್ನೂ ಹಾಗೆಯೇ. 4.8 ಲೀಟರಿನ, ಹತ್ತು ಸಿಲಿಂಡರಿನ ವಿ10. ಒಂದು ಎಂಜಿನ್ನನ್ನು ಒಬ್ಬರೇ ಜೋಡಿಸಿ ಸಹಿ ಹಾಕುತ್ತಿದ್ದರು. ನಿಂತ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ 0.6 ಸೆಕೆಂಡಿನಲ್ಲಿ 9,000 ಆರ್‌ಪಿಎಂ, ಅಂದರೆ ನಿಮಿಷಕ್ಕೆ 9,000 ಸುತ್ತಿನ ವೇಗ. ಮುಳ್ಳಿನ ಮೀಟರಿಗೆ ಆ ವೇಗ ಹಿಡಿಯಲು ಆಗದೆ ಪರದೆಯ ಮೀಟರ್ ಹಾಕಬೇಕಾಯಿತು. ಸದ್ದನ್ನು ಹದ ಮಾಡಿದವರು ಮತ್ತೆ ಅದೇ ಯಮಹಾದವರು.

ಹೀಗೆ ಮಾಡಿದರೆ ಎಷ್ಟು ಮಾಡಬಹುದು? ಬಿಡದಿಯ ಟೊಯೊಟಾ ಫ್ಯಾಕ್ಟರಿಯಲ್ಲಿ ಇನ್ನೋವಾಗಳು ನಿಮಿಷದ ಲೆಕ್ಕದಲ್ಲಿ ಹೊರಬೀಳುತ್ತವೆ. ಜಪಾನಿನ ಮೊಟೊಮಾಚಿಯಲ್ಲಿ ಎಲ್‌ಎಫ್‌ಎ ದಿನಕ್ಕೊಂದು, ತಿಂಗಳಿಗೆ ಇಪ್ಪತ್ತು. 2010ರ ಡಿಸೆಂಬರಿನಿಂದ 2012ರ ಡಿಸೆಂಬರಿನವರೆಗೆ. ಐನೂರು ಅನ್ನೋದು ಅವರು ಮೊದಲೇ ಹೇಳಿದ್ದು, ನಿಜ. ಆದರೆ ಆ ಕೈಗಳು ಎರಡು ವರ್ಷದಲ್ಲಿ ಮಾಡಬಲ್ಲದ್ದೇ ಅಷ್ಟು.

ರೇಟು ಏರಿಸೋ ಆಟವಾಗಿದ್ದರೆ ಜನ ಮುಗಿಬೀಳಬೇಕಿತ್ತು ಅಲ್ವಾ? ಬೆಲೆ 3,75,000 ಡಾಲರ್. ಅಮೆರಿಕದ ಶೋರೂಮುಗಳಲ್ಲಿ 2017ರಲ್ಲೂ ಮಾರಾಟವಾಗದ ಹೊಸ ಎಲ್‌ಎಫ್‌ಎಗಳು ಉಳಿದಿದ್ದವು. ಕಟ್ಟುವುದು ನಿಂತು ಐದು ವರ್ಷವಾಗಿತ್ತು ಆಗ. ಕಾರಿಗಾಗಿ ಜೀವ ತೆತ್ತವರೂ ಇದ್ದಾರೆ. ಅದನ್ನು ವರ್ಷಗಟ್ಟಲೆ ಓಡಿಸಿ ಪಳಗಿಸಿದ ಹಿರಿಯ ಟೆಸ್ಟ್ ಡ್ರೈವರ್ ಹಿರೊಮು ನರುಸೆ 2010ರ ಜೂನಿನಲ್ಲಿ, ಜರ್ಮನಿಯಲ್ಲಿ, ಅದೇ ಕಾರಿನ ಪರೀಕ್ಷೆಯ ವೇಳೆ ಅಪಘಾತದಲ್ಲಿ ತೀರಿಕೊಂಡರು. ಮೊದಲ ಕಾರು ಲೈನಿನಿಂದ ಇಳಿಯುವ ಆರು ತಿಂಗಳ ಮುಂಚೆ. ಇದನ್ನೆಲ್ಲ ಓದಿದ ಮೇಲೆ ಬರೀ ವ್ಯಾಪಾರದ ಲೆಕ್ಕ ಅಂತ ಒಪ್ಪಲು ನನಗೆ ಮನಸ್ಸು ಬರುವುದಿಲ್ಲ.

ಆ ಮಗ್ಗದ ವಿಡಿಯೊ ನಿನಗೆ ಕಳಿಸಿದ್ದೇನೆ. ಊರಿಗೆ ಹೋದಾಗ ನಿಮ್ಮ ಅಪ್ಪಾಜಿಗೆ ತೋರಿಸು. ಇಳಕಲ್ ಸೀರೆಯ ಟೋಪ್ ತೆನಿ ಸೆರಗಿನ ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಜೋಡಿಸಿದ ಕೈ ಅವರದು. ಎಳೆ ಹಾಯುವ ರೀತಿ ನೋಡಿ ಏನಂದರು ಅಂತ ನನಗೆ ಬರೆ.

ನಿನ್ನ,
ಗೆಳೆಯ