ಸಿಂಧನೂರಿನ ಸಂಗೀತ ಶಿಕ್ಷಕಿಗೆ ದೊಡ್ಡಮ್ಮನ ಪತ್ರ

ಚಿರಂಜೀವಿ ಮಗಳಿಗೆ, ಬಳ್ಳಾರಿಯಿಂದ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಪ್ರೌಢಶಾಲೆಯ ವಾರ್ಷಿಕೋತ್ಸವದಲ್ಲಿ ನಾಡಿನ ವೈವಿಧ್ಯವನ್ನು ತೋರಿಸಬೇಕಾಗಿದೆ, ಒಂದೊಂದು ಸಮುದಾಯದ ಮಕ್ಕಳಿಗೆ ಅವರವರ ಉಡುಪು ಹಾಕಿಸಿ ಒಂದೊಂದು ಹಾಡು ಹಾಡಿಸಲೇ ಎಂದು ಕೇಳಿದ್ದೀಯೆ. ಹಾಗೆ ಮಾಡಬೇಡ. ಲಂಬಾಣಿ ಹುಡುಗಿ ಕನ್ನಡಿ ಕಸೂತಿಯ ಲಂಗ ತೊಟ್ಟು ಮೂರು ನಿಮಿಷ ಹಾಡಿ ವೇದಿಕೆ ಇಳಿದರೆ, ಉಳಿದವರು ಚಪ್ಪಾಳೆ ತಟ್ಟಿ ಮರೆತುಬಿಡುತ್ತಾರೆ. ಅವಳ ಹಾಡನ್ನು ಪಕ್ಕದ ಬೆಂಚಿನವಳು ಕಲಿಯಬೇಕು. ಉಚ್ಚಾರಣೆ ತಪ್ಪಿದಾಗ ಲಂಬಾಣಿ ಹುಡುಗಿಯೇ ತಿದ್ದಬೇಕು. ಆ ಹೊತ್ತಿನಲ್ಲಿ ಅವಳು ಗುರು, ನೀನೂ ಅವಳ ಶಿಷ್ಯೆ.

ಇದಕ್ಕೆ ಸಿಂಧನೂರಿನಷ್ಟು ಒಳ್ಳೆಯ ಊರು ಬೇರೆ ಇಲ್ಲವೆಂದೇ ನನ್ನ ನಂಬಿಕೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪು ಎಂದು ಕರೆಯುವ ಹೊಸ ಊರುಗಳನ್ನು ಕಟ್ಟಿಕೊಂಡರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೆ ಸರ್ಕಾರ ಇಲ್ಲಿಯೇ ನೆಲೆ ಕೊಟ್ಟಿತು. ಇಂದಿಗೂ ಆ ಕ್ಯಾಂಪುಗಳಲ್ಲಿ ದುರ್ಗಾಪೂಜೆ ನಡೆಯುತ್ತದೆ. ಅದಕ್ಕೂ ಮೊದಲು ನಿಮ್ಮ ರಾಯಚೂರು ಜಿಲ್ಲೆ ನಿಜಾಮರ ಆಳ್ವಿಕೆಯಲ್ಲಿತ್ತು, ನಮ್ಮ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ನಾವು ಮೈಸೂರು ರಾಜ್ಯಕ್ಕೆ ಬಂದದ್ದು 1953ರಲ್ಲಿ, ನೀವು 1956ರಲ್ಲಿ. ಉರ್ದು, ತೆಲುಗು, ಬಂಗಾಳಿ, ಲಂಬಾಣಿ, ಕನ್ನಡ ಎಲ್ಲವೂ ನಿನ್ನ ಒಂದೇ ತರಗತಿಯಲ್ಲಿ ಕುಳಿತಿರಬಹುದು. ವೈವಿಧ್ಯವನ್ನು ಹೊರಗಿನಿಂದ ತರಿಸುವ ಅಗತ್ಯವೇ ಇಲ್ಲ. ಮೊದಲ ವಾರ ಪುಸ್ತಕ ತೆರೆಯಬೇಡ. ಮನೆಯಲ್ಲಿ ಅಜ್ಜಿ ಬೀಸುವಾಗ, ತೊಟ್ಟಿಲು ತೂಗುವಾಗ, ಹಬ್ಬದಲ್ಲಿ ಏನು ಹಾಡುತ್ತಾರೆ ಎಂದು ಕೇಳಿ ಬರಲು ಹೇಳು. ಬಂಗಾಳಿ ಮಗುವಿನ ಮನೆಯಲ್ಲಿ ಖೋಲ್ ಎಂಬ ಚರ್ಮವಾದ್ಯ ಇದ್ದರೆ ತರಿಸು. ಮಣ್ಣಿನ ಒಡಲಿನ ಆ ವಾದ್ಯವನ್ನು ನಮ್ಮ ಮಕ್ಕಳು ಮುಟ್ಟಿ ನೋಡಲಿ, ಎಡಗಡೆಯ ಮತ್ತು ಬಲಗಡೆಯ ನಾದ ಹೇಗೆ ಬೇರೆ ಎಂದು ಕಿವಿಗೊಟ್ಟು ಕೇಳಲಿ.

ಆದರೆ ಹಾಡಿಸುವುದರಲ್ಲಿಯೇ ತೃಪ್ತಳಾಗಬೇಡ, ಪಾಠವೂ ಆಗಬೇಕು. ನಾನು ಕಲಿತದ್ದು ಕರ್ನಾಟಕ ಪದ್ಧತಿ, ನೀನು ಕಲಿತದ್ದು ಹಿಂದೂಸ್ತಾನಿ. ನನಗೆ ಸರಳೆ, ಅಂದರೆ ಮೊದಲ ಸ್ವರಾಭ್ಯಾಸ, ಶುರುವಾದದ್ದು ಮಾಯಾಮಾಳವಗೌಳ ರಾಗದಲ್ಲಿ. ಅದೇ ಏಳು ಸ್ವರಗಳು ನಿನ್ನ ಭೈರವ ರಾಗದಲ್ಲಿವೆ. ನಮ್ಮ ಮೋಹನ ರಾಗದ ಐದು ಸ್ವರಗಳೇ ನಿಮ್ಮ ಭೂಪ್ ರಾಗದಲ್ಲಿವೆ. ಹಲಗೆಯ ಮೇಲೆ ಸ ರಿ ಗ ಪ ದ ಬರೆದು ಎರಡೂ ರೀತಿಯಲ್ಲಿ ಹಾಡಿ ತೋರಿಸು. ಸ್ವರಗಳು ಒಂದೇ ಆದರೂ ಸ್ವರವನ್ನು ಬಳುಕಿಸುವ ಗಮಕ ಬೇರೆ, ನಿಲ್ಲುವ ಜಾಗ ಬೇರೆ, ಕೇಳಿದಾಗ ಆಗುವ ಅನುಭವವೂ ಬೇರೆ ಎಂದು ಮಕ್ಕಳಿಗೆ ಕಿವಿಯಿಂದಲೇ ತಿಳಿಯುತ್ತದೆ. ಆಮೇಲೆ ಅವರವರ ಮನೆಯ ಹಾಡಿನಲ್ಲಿ ಯಾವ ಸ್ವರಗಳಿವೆ, ತಾಳದ ಎಣಿಕೆ ಆರು ಮಾತ್ರೆಯ ನಡೆಯೋ ಎಂಟು ಮಾತ್ರೆಯದೋ ಎಂದು ಅವರೇ ಹುಡುಕಲಿ. ಜನಪದದ ಹಾಡು ಸುಲಭವೆಂದು ಯಾವ ಮಗುವೂ ತಿಳಿಯಬಾರದು. ನಮ್ಮ ಜಿಲ್ಲೆಯ ದರೋಜಿ ಈರಮ್ಮನವರು ಅಕ್ಷರ ಕಲಿತವರಲ್ಲ. ಅಲೆಮಾರಿ ಬುಡ್ಗ ಜಂಗಮ ಸಮುದಾಯದ ಆ ತಾಯಿ ಹನ್ನೆರಡು ಜನಪದ ಮಹಾಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. 2014ರಲ್ಲಿ ತೀರಿಕೊಂಡರು. ಅವರು ಹಾಡಿ ಹೇಳುತ್ತಿದ್ದ ಬುರ್ರಕಥೆ ಎಂಬ ಜನಪದ ಕಥನದ ಧ್ವನಿಮುದ್ರಣ ಸಿಕ್ಕರೆ ತರಗತಿಯಲ್ಲಿ ಕೇಳಿಸು. ಅಷ್ಟನ್ನು ನೆನಪಿನಲ್ಲಿಟ್ಟುಕೊಳ್ಳುವುದು ಎಂಥ ವಿದ್ಯೆ ಎಂದು ವಿವರಿಸಿ ಹೇಳು.

ಗಂಡುಮಕ್ಕಳ ವಿಷಯ ಮರೆಯಬೇಡ. ಎಂಟು, ಒಂಬತ್ತನೆಯ ತರಗತಿಯಲ್ಲಿ ಅವರ ಧ್ವನಿ ಒಡೆಯುತ್ತದೆ. ನಿನ್ನೆ ಮೇಲಿನ ಷಡ್ಜ ಮುಟ್ಟುತ್ತಿದ್ದವನು ಇಂದು ಪಂಚಮಕ್ಕೇ ತಡವರಿಸುತ್ತಾನೆ. ಆಗ ಯಾರಾದರೂ ನಕ್ಕರೆ ಅವನು ಬದುಕಿಡೀ ಹಾಡಲಾರ. ಹುಡುಗಿಯರ ಶ್ರುತಿಗೆ, ಹಾರ್ಮೋನಿಯಂನ ಕರಿ ನಾಲ್ಕನೆಯ ಮನೆಗೆ, ಅವನನ್ನು ಎಳೆಯಬೇಡ. ಬಿಳಿ ಒಂದರಲ್ಲಿ ಮೆಲ್ಲಗೆ ಹಾಡಿಸು, ನೋವಾದರೆ ನಿಲ್ಲಿಸು, ಕೆಲವು ತಿಂಗಳು ಬಾರಿಸಲು ದಿಮ್ಮು ಎಂಬ ಚರ್ಮವಾದ್ಯ, ತಾಳ ಕೊಡು. ಲಯ ಗಟ್ಟಿಯಾದವನು ಹೊಸ ಧ್ವನಿಯೊಂದಿಗೆ ಮರಳಿ ಹಾಡಿಗೆ ಬರುತ್ತಾನೆ.

ಇನ್ನು ಮೊಹರಂ ಪದಗಳು. ಮುದಗಲ್ಲಿನ ಮೊಹರಂ ನಿನಗೆ ಹೇಳಬೇಕಾಗಿಲ್ಲ. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಿ ಹಾಡುವವರಲ್ಲಿ ಹಿಂದೂಗಳೂ ಮುಸ್ಲಿಮರೂ ಇರುತ್ತಾರೆ. ಅಂಥ ಹಾಡು ಶಾಲೆಗೆ ಬಂದರೆ ನನಗೆ ಬಹಳ ಸಂತೋಷ. ಆದರೆ ಅದು ಕರ್ಬಲಾದಲ್ಲಿ ಹುತಾತ್ಮರಾದವರ ಶೋಕವನ್ನು ಹೊತ್ತ ಹಾಡು, ಬಣ್ಣದ ದೀಪದ ಕೆಳಗೆ ಕುಣಿಸುವಂಥದ್ದಲ್ಲ. ಊರಿನ ಮೇಳದ ಹಿರಿಯರ ಬಳಿಗೆ ನೀನೇ ಹೋಗಿ, ಯಾವುದನ್ನು ಮಕ್ಕಳು ಹಾಡಬಹುದು ಎಂದು ಕೇಳು. ಬೇಡವೆಂದರೆ ಬಿಟ್ಟುಬಿಡು. ಒಪ್ಪಿದರೆ ಅವರನ್ನೇ ತರಗತಿಗೆ ಕರೆದು ಕುರ್ಚಿ ಹಾಕಿ ಕೂರಿಸು, ಮುಖ್ಯ ಶಿಕ್ಷಕರಿಂದಲೇ ಶಾಲು ಹೊದಿಸು. ಎಲ್ಲಮ್ಮನ ಭಕ್ತೆಯರಾದ ಜೋಗತಿಯರು ಚೌಡಿಕೆ ವಾದ್ಯ ನುಡಿಸುತ್ತ ಹಾಡುವ ಪದಕ್ಕೂ ಇದೇ ಮಾತು.

ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿಯಲ್ಲಿ ಕವ್ವಾಲಿಯೂ ಇದೆ. ಅದಕ್ಕೆ ಉರ್ದು ಬಲ್ಲ ಮಕ್ಕಳನ್ನೇ ಆರಿಸಬೇಡ, ಎಲ್ಲ ಮನೆಯ ಮಕ್ಕಳನ್ನೂ ಸೇರಿಸು, ಉರ್ದು ಬಲ್ಲವರು ಉಚ್ಚಾರಣೆ ಕಲಿಸಲಿ. ಮಕ್ಕಳು ತಂದ ಹಾಡುಗಳನ್ನು, ಹಾಡಿದವರ ಒಪ್ಪಿಗೆ ಕೇಳಿ, ಮೊಬೈಲ್‌ನಲ್ಲಿ ಮುದ್ರಿಸಿ ನನಗೆ ಕಳುಹಿಸು. ಸ್ವರಪ್ರಸ್ತಾರ, ಅಂದರೆ ಹಾಡಿನ ಸ್ವರಲಿಪಿ, ಬರೆದು ದಸರಾ ರಜೆಯ ಹೊತ್ತಿಗೆ ಹಿಂತಿರುಗಿಸುತ್ತೇನೆ. ಹಾರ್ಮೋನಿಯಂನ ತಿದಿಯಿಂದ ಗಾಳಿ ಸೋರುತ್ತಿದೆ ಎಂದಿದ್ದೆಯಲ್ಲ, ರಿಪೇರಿಗೆ ತಡಮಾಡಬೇಡ, ಖರ್ಚು ನಾನು ಕೊಡುತ್ತೇನೆ.

ನಿನ್ನ ದೊಡ್ಡಮ್ಮ