ರಾಜನ ಬಲಕ್ಕೆ ರಾಣಿ

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಏನಾಗಿತ್ತು ಅನ್ನೋದು ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ಥ್ಯಾಂಕ್ಸ್ ಹೇಳುವುದು ಮಾತ್ರ ಬಾಕಿ ಇತ್ತು.

ದಸರೆಗೆ ನಮ್ಮ ಮನೆಗೆ ಬಂದವರಿಗೆ ಹಾಲ್‌ನಲ್ಲಿ ಗೊಂಬೆ ಕೂರಿಸುವ ಒಂಬತ್ತು ಮೆಟ್ಟಿಲು ನೆನಪಿರಬಹುದು. ಈ ಸಲ ಆ ಜಾಗದಲ್ಲಿ ಅಮ್ಮನ ಮಂಚ ಇತ್ತು. ಶೆಟ್ಟಿ ದಂಪತಿ, ಚನ್ನಪಟ್ಟಣದ ಬ್ಯಾಂಡ್‌ನವರು, ಮದುವೆ ದಿಬ್ಬಣ, ಯಾರೂ ಟ್ರಂಕಿನಿಂದ ಹೊರಗೆ ಬರಲಿಲ್ಲ. ಬಂದಿದ್ದು ಪಟ್ಟದ ಗೊಂಬೆಗಳು ಮಾತ್ರ. ಅವನ್ನು ಇಟ್ಟಿದ್ದು ನಾವಲ್ಲ.

ಮಹಾಲಯ ಅಮಾವಾಸ್ಯೆಯ ರಾತ್ರಿ. ಒಳಗೆ ಕರೆದುಕೊಂಡು ಹೋಗುವಾಗ ಅಮ್ಮ ಕೇಳಿದ್ದು ಒಂದೇ. "ನಾಳೆ ಪಾಡ್ಯ, ಗೊಂಬೆ ಇಡೋರು ಯಾರು?" ಆಮೇಲೆ ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಅಮ್ಮನ ಬಳೆಗಳನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟರು. ಎಣಿಸಿದೆ, ಆರು. ಮತ್ತೆ ಎಣಿಸಿದೆ. ಕಾರಿಡಾರಿನಲ್ಲೇ ಕೂತು ದೇವರಿಗೆ ಬಾಯಿಗೆ ಬಂದ ಹಾಗೆ ಬೈದೆ. ಜೋರಾಗಿಯೇ.

ಪಕ್ಕದಲ್ಲಿ ಇದ್ದವನು ನಮ್ಮ ಮೇಲಿನ ಮನೆಯ ಬಾಡಿಗೆ ಹುಡುಗ. ವಿಜಯಪುರದ ಕಡೆಯವನು, ಬಂದು ಎಂಟು ತಿಂಗಳೂ ಆಗಿಲ್ಲ. ನೀರು ಜಾಸ್ತಿ ಬಿಡ್ತಾನೆ ಅಂತ ಅವನ ಜೊತೆ ಜಗಳವನ್ನೂ ಆಡಿದ್ದೆ. "ಅಕ್ಕಾರ, ಒಂದೀಟು ಕಣ್ಣು ಮುಚ್ಚ್ರಿ, ನಾ ಎಚ್ಚರ ಇರ್ತೀನಿ" ಅಂದ. ಇದ್ದ ಕೂಡ. ಔಷಧಿಗೆ ಮೂರು ಸಲ ಓಡಿದ.

ಬೆಳಿಗ್ಗೆ ಆರಕ್ಕೆ ಫ್ಲಾಸ್ಕ್ ತರ್ತೀನಿ ಅಂತ ಮನೆ ಕೀಲಿ ಇಸ್ಕೊಂಡು ಹೋದ. ಬಂದವನು ಫೋನ್ ತೋರಿಸಿದ. ದೇವರ ಮುಂದೆ ಮಣೆ, ಮಣೆ ಮೇಲೆ ರಾಜ, ರಾಣಿ. ಪಕ್ಕದಲ್ಲಿ ಐಸ್‌ಕ್ರೀಂ ಡಬ್ಬಿಯಲ್ಲಿ ಮಣ್ಣು. "ನಮ್ಮ ಕಡೆ ಘಟಕ್ಕ ಗೋಧಿ ಹಾಕ್ತೀವ್ರಿ, ಅದಕ್ಕ." ನಾವು ಗೊಂಬೆಗಳ ಪಾರ್ಕಿಗೆ ಅಂತ ರಾಗಿ ಬಿತ್ತುವವರು. ನನಗೆ ಅಳು ಬಂತು. ಫ್ಲಾಸ್ಕ್ ಮರೆತಿದ್ದ.

ಬುಧವಾರ ಅಮ್ಮನಿಗೆ ಆ ಫೋಟೋ ತೋರಿಸಿದೆ. ತುಂಬಾ ಹೊತ್ತು ನೋಡಿದರು. "ಅಯ್ಯೋ, ರಾಣಿ ಬಲಕ್ಕೆ ನಿಂತಿದ್ದಾಳಲ್ಲೇ!" ಎಡಕ್ಕಿರಬೇಕಲ್ವಾ? ಡಾಕ್ಟರು ಏನೇ ಹೇಳಿದ್ದರೂ, ಅಮ್ಮ ತಪ್ಪು ಹುಡುಕಿದ ಮೇಲೆಯೇ ನನಗೆ ಧೈರ್ಯ ಬಂದಿದ್ದು. ಕೂರಿಸಿದ ಗೊಂಬೆ ಕದಲಿಸಬಾರದು, ಹಾಗೇ ಇರಲಿ ಅಂದರು.

ಶನಿವಾರ ಮನೆಗೆ ಬಂದೆವು. ತಿಥಿ ಬೆಳೆದು ಈ ಸಲ ದಸರಾ 11 ದಿನ ಆಗಿದ್ದು ನಮಗೆ ಲಾಭವೇ ಆಯಿತು. ದಿನಾ ಉಸಲಿ ಮಾಡಿಕೊಟ್ಟ ಎದುರು ಮನೆಯವರಿಗೆ, ರಜೆ ಹಾಕಿ ಬಂದ ತಮ್ಮನಿಗೆ, ರಕ್ತ ಕೊಟ್ಟ ಅವನ ಗೆಳೆಯರಿಗೆ, ವಿಡಿಯೋದಲ್ಲೇ ಆರತಿ ಹಾಡು ಹೇಳಿದ ಚಿಕ್ಕಮ್ಮನಿಗೆ ನಮಸ್ಕಾರ. ಬೀದಿಯ ಮಕ್ಕಳೇ, ಒಳಗೆ ಬಿಡದೆ ಗೇಟಿಗೆ ಬುಟ್ಟಿ ಕಟ್ಟಿ ಗೊಂಬೆ ಬಾಗಿನ ಕೊಟ್ಟೆವು, ಬೇಜಾರು ಮಾಡ್ಕೋಬೇಡಿ. ನೀವು ಗೇಟಿನ ಹೊರಗೆ ನಿಂತು ಹೇಳಿದ ಹಾಡು ಮಂಚದವರೆಗೂ ಕೇಳಿಸಿತು.

ಅಕ್ಟೋಬರ್ 2ರಂದು ಟಿವಿಯಲ್ಲಿ ಅಭಿಮನ್ಯು ಅಂಬಾರಿ ಹೊತ್ತು ನಡೆಯುತ್ತಿದ್ದ. ಹುಡುಗ ಕೆಳಗಿಳಿದು ಬಂದು ಅಮ್ಮನ ಕೈಗೆ ಬನ್ನಿ ಎಲೆ ಇಟ್ಟ. "ಬಂಗಾರದಂಗ ಇರೋಣ್ರಿ, ಅಮ್ಮಾರ." ನಮ್ಮಲ್ಲಿ ಆ ಪದ್ಧತಿ ಇಲ್ಲ, ಅಮ್ಮನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಎಲೆ ಹಿಡಿದುಕೊಂಡೇ, "ಊಟ ಆಯ್ತೇನೋ?" ಅಂತ ಕೇಳಿದರು.