ಫೋನಿಟ್ಟ ಮೇಲೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನು ಕುಕ್ಕಿದ್ದು ನನ್ನ ತಪ್ಪು. ಅಮೆರಿಕದ ಸಿಯೆರಾ ನೆವಾಡಾ ಬೆಟ್ಟದ ಹಿಮದಲ್ಲಿ ರಾತ್ರಿಯಿಡೀ ನಿಂತ ರೈಲಿಂದ ಇಳಿದು ಬಂದ ಮಗಳನ್ನು ಮೊದಲು "ಊಟ ಆಯ್ತೇನವ್ವಾ" ಅಂತ ಕೇಳಬೇಕಿತ್ತು. "ಈ ರೈಲ್ವೆಯವರೆಲ್ಲ ಮಲಗಿದ್ರು ಅನ್ಸತ್ತೆ" ಅಂದೆಯಲ್ಲ, ರೈಲ್ವೆಯಲ್ಲಿ ಹಳಿ ಕಾದ ನನಗೆ ಅದೊಂದೇ ಕಿವಿಗೆ ಬಿತ್ತು.

ಆಮೇಲೆ ನಿದ್ದೆ ಬರದೆ, ಮೊಬೈಲಿನಲ್ಲಿ ಅದೇ ಘಟ್ಟದ ಹಳೇ ಸುದ್ದಿ ಹುಡುಕಿ ಓದಿದೆ. 1952ರ ಜನವರಿ 13. 'ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೋ' ಗಾಡಿ ಡಾನರ್ ಪಾಸ್ ದಾಟಿ, ಯೂಬಾ ಗ್ಯಾಪ್ ಹತ್ತಿರ ಹಿಮದಲ್ಲಿ ಹೂತು ನಿಂತಿತು. ಒಳಗೆ 226 ಜನ, ಮೂರು ದಿನ. ಡೀಸೆಲ್ ಮುಗಿದು ಬೋಗಿಗಳು ತಣ್ಣಗಾದವು. ಕಾರ್ಬನ್ ಮಾನಾಕ್ಸೈಡ್ ಅನ್ನೋ ವಾಸನೆಯಿಲ್ಲದ ವಿಷಗಾಳಿ ಕುಡಿದು ಕೆಲವರು ಕಾಯಿಲೆ ಬಿದ್ದರು. ಆದರೂ ಪ್ರಯಾಣಿಕರೆಲ್ಲ ಬದುಕಿ ಬಂದರು. ಆದರೆ ಹಿಮ ತೆಗೆಯಲು ಹೋದ ಎಂಜಿನ್ನಿನ ಡ್ರೈವರ್ ಸತ್ತ. ಮೇಲಿಂದ ಹಿಮ ಜರಿದು ಎಂಜಿನ್ನನ್ನೇ ಮಗುಚಿ ಹಾಕಿತಂತೆ. ಅದೊಂದು ಸಾಲನ್ನು ಎಷ್ಟು ಸಲ ಓದಿದೆನೋ.

ನಮ್ಮ ಎಡಕುಮೇರಿ ಘಟ್ಟದ ಆ ಮಳೆಗಾಲದ ರಾತ್ರಿ ನಿನಗೆ ಜ್ವರ ಇತ್ತು, ಅದು ನಿನಗೂ ಗೊತ್ತು, ಬಿಡು. ಗುಡ್ಡ ಜರಿದು ಹಳಿ ಮುಚ್ಚಿತ್ತು, ಗಾಡಿ ಸುಬ್ರಹ್ಮಣ್ಯ ಬಿಟ್ಟಾಗಿತ್ತು. ನಾನೂ ಜೊತೆಗಾರನೂ ಆ ಕೆಸರು ದಾಟಿ ಎದುರು ಹೋಗಬೇಕು. ಮೊಣಕಾಲಿನ ತನಕ ಹೂತುಕೊಳ್ಳುತ್ತಿತ್ತು. ತಲೆ ಮೇಲೆ ಸಣ್ಣ ಕಲ್ಲು ಉದುರುವ ಸದ್ದು, ಪಟಪಟ ಅಂತ. ದೊಡ್ಡದು ಬರುವ ಮುಂಚೆ ಹಾಗೇ ಉದುರುವುದು. ಆ ಸದ್ದು ಈಗಲೂ ನಿದ್ದೆಯಲ್ಲಿ ಕೇಳುತ್ತದೆ. ಗಾಲಿ ಹತ್ತಿದರೆ ಸಿಡಿದು ಡ್ರೈವರನ್ನು ಎಚ್ಚರಿಸುವ ಪಟಾಕಿಯನ್ನು ಹಳಿಗೆ ಕಟ್ಟಿ, ಕೆಂಪು ದೀಪ ಬೀಸಿ ಗಾಡಿ ನಿಲ್ಲಿಸಿದೆವು. ಬೆಳಗಿನ ಜಾವ ಕಿಟಕಿಯಿಂದ ಒಬ್ಬಳು ಹುಡುಗಿ "ಸಂಬಳ ಯಾಕೆ ತಗೋತೀರಿ" ಅಂದಳು. ಅವಳಿಗೆ ಏನೂ ಹೇಳಲಿಲ್ಲ. ಅವತ್ತು ನುಂಗಿದ್ದನ್ನು ಮೊನ್ನೆ ನಿನ್ನ ಮೇಲೆ ಹಾಕಿಬಿಟ್ಟೆ.

ಇನ್ನು ಚಳಿಗಾಲದಲ್ಲಿ ಆ ಕಡೆ ರೈಲು ಹತ್ತಿದರೆ ಕಂಬಳಿ, ಟಾರ್ಚು, ಎರಡು ದಿನಕ್ಕಾಗುವ ತಿಂಡಿ ಇರಲಿ. ನಿಂತ ಗಾಡಿ ಬಿಟ್ಟು ಯಾರು ಕರೆದರೂ ಹಿಮದಲ್ಲಿ ನಡೆಯಬೇಡ. ಬೋಗಿಯೊಳಗೆ ಯಾರಾದರೂ ಬೆಂಕಿ ಹಚ್ಚಿದರೆ ಮುಲಾಜು ನೋಡದೆ ಆರಿಸು. ಚಳಿ ತಡೆಯಬಹುದು, ಆ ವಿಷಗಾಳಿ ಗೊತ್ತೇ ಆಗದೆ ಕೊಲ್ಲುತ್ತದೆ.

ನಿನ್ನ ಜಾಕೆಟ್ಟನ್ನು ಪಕ್ಕದ ಅಜ್ಜಿಗೆ ಹೊದಿಸಿದೆಯಂತೆ. ಅಮ್ಮ ಹೇಳಿದಳು. ನನಗೆ ಹೇಳುವಷ್ಟು ಹೊತ್ತು ನಾನೇ ಫೋನು ಹಿಡಿದಿರಲಿಲ್ಲ. ಕೇಳಿ ಎದೆ ತುಂಬಿ ಬಂತು ಮಗಳೇ.

ಕಾಲ್ಬೆರಳಿನ ಜೋಮು ಇನ್ನೂ ಬಿಟ್ಟಿಲ್ಲವಂತಲ್ಲ. ಡಾಕ್ಟರಿಗೆ ತೋರಿಸಿದೆಯಾ? ಭಾನುವಾರ ಫೋನು ಮಾಡುತ್ತೇನೆ, ಎತ್ತು.

ಇಂತಿ,
ಅಪ್ಪ